ಐದನೇ ನಂಬರು

ಸ್ಟೋರಿನ ಸಿಲ್ವೆಸ್ಟರ್ ಪೊರ್ಬುಗಳು
ಕನ್ನಡಕ ಹಣೆಗೇರಿಸಿ ಹೇಳಿದರು:
ಐದು ಇಲ್ಲ. ಆರರಿಂದ ಮೇಲೆ ಉಂಟು.
ಬೈಕಂಪಾಡಿಯ ಈ ಶೆಡ್ಡಿನಲ್ಲಿ ಇಷ್ಟರ ತನಕ
ಐದನೇ ನಂಬರಿನ ಕಾಲು ಬಂದದ್ದಿಲ್ಲ ಮಾರಾಯ್ತಿ.

ಈಗಲೇ ತೊಟ್ಟು ನೋಡಬೇಡ, ಸಂಜೆ ನೋಡು
ಎಂದರು ಇದಿನಬ್ಬರು,
ಮೂವತ್ತು ವರ್ಷ ಚೈನ್ ಬ್ಲಾಕ್ ಎಳೆದವರು.
ದಿನವಿಡೀ ನಿಂತ ಕಾಲು ಮಾತ್ರ
ತನ್ನ ಅಳತೆ ಸುಳ್ಳು ಹೇಳುವುದಿಲ್ಲ.
ಸಂಜೆ ನೋಡಿದೆ. ಬಾತ ಪಾದಕ್ಕೂ ಆರು ದೊಡ್ಡದೇ.
ಹಿಮ್ಮಡಿಯ ಹಿಂದೆ ಗುರುತು ಹಾಕುವ ಸೀಮೆಸುಣ್ಣ
ಸಲೀಸಾಗಿ ಇಳಿಯಿತು,
ಮುಂದೆ ಉಕ್ಕಿನ ಟೋಪಿಯೊಳಗೆ ನನ್ನ ಬೆರಳುಗಳು
ಖಾಲಿ ಹಾಲಿನಲ್ಲಿ ಬೇಗ ಬಂದು ಕೂತ
ಮದುವೆ ನೆಂಟರ ಹಾಗೆ.

ಎರಡು ಜೊತೆ ಕಾಲುಚೀಲ, ಒಂದು ಹೆಚ್ಚಿನ ಅಟ್ಟೆ.
ಲೇಸು ಕೆಳಗೆ ಸಡಿಲ, ಕಣಕಾಲಿಗೆ ಬಿಗಿ.
ಬಲೆ ನೇಯುವ ಮನೆಯವಳಿಗೆ
ಗಂಟು ಹಾಕುವುದನ್ನು ಯಾರೂ ಕಲಿಸಬೇಕಾಗಲಿಲ್ಲ.

ಅಮ್ಮ ಒಂದನ್ನೆತ್ತಿ ಅಂಗೈಯಲ್ಲಿ ತೂಗಿದಳು,
ದಕ್ಕೆಯ ಐಸಿನ ನೀರನ್ನು
ಇಪ್ಪತ್ತಾರು ವರ್ಷ ಬರಿಗಾಲಲ್ಲಿ ತುಳಿದವಳು.
ಮುಕ್ಕಾಲು ಕಿಲೋ, ಎಂದಳು.
ಒಳಗೆ ಕೈ ಹಾಕಿ ನೋಡಿ,
ಎಂಟು ಬಂಗುಡೆ ಹಿಡಿಸ್ತದೆ.

ಮೊದಲ ದಿನವೇ ಎಂಟು ಗಂಟೆ ತೊಡಬಾರದಂತೆ.
ಅರ್ಧ ಗಂಟೆ, ಮತ್ತೆ ಒಂದು, ಮತ್ತೆ ಎರಡು.
ಹಾಗೆ ನಾನು ನೈಟಿ ಮೇಲೆ ಬೂಟು ತೊಟ್ಟು
ಕಾಯಿ ತುರಿದೆ, ಬಾವಿಯಿಂದ ನೀರು ಸೇದಿದೆ,
ಧಾರಾವಾಹಿ ಮುಗಿಯುವ ತನಕ ಟೀವಿಗೆ ಅಡ್ಡ ನಡೆದೆ.
ಬೇಲಿಯಾಚೆಯಿಂದ ಯಶು ಕೇಳಿದಳು,
ಪೊಲೀಸಿಗೆ ಸೇರಿದಿಯಾ?

ನಾಲ್ಕನೇ ದಿನ ಎಡ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು,
ಐದನೇ ದಿನ ಒಡೆಯಿತು.
ಆ ರಾತ್ರಿ ನಾನು ಮಲಗಿದ ಮೇಲೆ ಅಮ್ಮ
ಅಪ್ಪನ ದೋಣಿಗೆ ಹಚ್ಚುತ್ತಿದ್ದ
ಬೂತಾಯಿ ಎಣ್ಣೆಯ ಡಬ್ಬಿ ತೆರೆದಳು.
ಬೆಳಿಗ್ಗೆ ಬೂಟು ಮೆತ್ತಗಾಗಿತ್ತು, ಇಲ್ಲವೆನ್ನಲಾರೆ.
ಆದರೆ ಹೊಸಬೆಟ್ಟು ಸ್ಟಾಪಿನ ತನಕ
ಮೂರು ಬೆಕ್ಕು ಬೆನ್ನಿಗೆ ಬಂದವು,
ಬಸ್ಸಿನಲ್ಲಿ ಎಂದೂ ಇಲ್ಲದ ಹಾಗೆ ಸೀಟು ಸಿಕ್ಕಿತು,
ಪಕ್ಕದ ಸೀಟೂ.
ಇದಿನಬ್ಬರು ಮೂಗು ಮುಚ್ಚಿಕೊಂಡೇ ಬೈದರು:
ಎಣ್ಣೆ ಅಟ್ಟೆಯ ಅಂಟು ಬಿಡಿಸ್ತದೆ,
ವೆಲ್ಡಿಂಗಿನ ಕಿಡಿ ಬಿದ್ದರೆ ನೀನೇ ದೀಪ.
ಮೇಣ ಹಚ್ಚು. ಕಡಲೆಕಾಳಿನಷ್ಟು.

ಆಟಿಯಲ್ಲಿ ಬಿಡದೆ ಹೊಯ್ದಾಗ
ಒಲೆಯ ಬುಡದಲ್ಲಿ ಇಡಲಿಲ್ಲ, ಚರ್ಮ ಹಪ್ಪಳವಾಗುತ್ತದೆ.
ಒಳಗಿನ ಅಟ್ಟೆ ಕಿತ್ತು ಹಗ್ಗಕ್ಕೆ ನೇತುಹಾಕಿ
ಹಳೆ ಪೇಪರು ತುರುಕಿದೆ.
ಬೆಳಿಗ್ಗೆ ತೆಗೆದರೆ
ಶ್ರದ್ಧಾಂಜಲಿ ಪುಟದವರೆಲ್ಲ ನನ್ನ ಬೆವರು ಕುಡಿದು
ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು.

ಯಾವ ದಿನ ಪಳಗಿತೋ ಗೊತ್ತಿಲ್ಲ.
ಕರೆಂಟು ಹೋದ ಕತ್ತಲಲ್ಲಿ ಒಮ್ಮೆ
ಎಡ ಯಾವುದು ಬಲ ಯಾವುದು ಎಂದು
ಕಾಲಿಗೇ ತಿಳಿದಿತ್ತು.

ದೀಪಾವಳಿಗೆ ಎರಡು ದಿನ ಇರುವಾಗ ಶ್ಯಾಕಲ್ ಜಾರಿತು.
ತೆಂಗಿನಕಾಯಿ ಒಡೆದಷ್ಟೇ ಸದ್ದು.
ಬೂಟು ಬಿಚ್ಚಿ ಬೆರಳು ಎಣಿಸಿದೆ, ಎರಡು ಸಲ.
ಹೊರಗೆ ಒಂದು ಗೀರು, ಅಷ್ಟೆ.
ಇನ್ನೂ ತೊಡಬಹುದಲ್ಲ, ಎಂದೆ.
ಇದಿನಬ್ಬರು ತಲೆಯಾಡಿಸಿದರು:
ಒಂದು ಪೆಟ್ಟು ತಿಂದ ಉಕ್ಕನ್ನು
ಎರಡನೆಯದಕ್ಕೆ ಒಡ್ಡಬಾರದು.
ಗುಜರಿಯಿಂದ ಯಾರೂ ಎತ್ತಿ ತೊಡದಿರಲಿ ಎಂದು
ಪೊರ್ಬುಗಳು ಎರಡನ್ನೂ ಕತ್ತಿಯಿಂದ ಸೀಳಿದರು.
ಲೇಸು ಮಾತ್ರ ಮೊದಲೇ ಬಿಚ್ಚಿಕೊಂಡಿದ್ದೆ,
ಯಾಕೆಂದು ಕೇಳಿದರೆ ಉತ್ತರ ಇರಲಿಲ್ಲ, ಕೇಳಲಿಲ್ಲ.

ಮೇಜಿನಡಿಯಿಂದ ಪೆಟ್ಟಿಗೆಯೊಂದು ಬಂತು.
ಐದು. ಮೇ ತಿಂಗಳಲ್ಲೇ ಬರೆಸಿದ್ದೆ, ಎಂದರು,
ಈಗ ತಲುಪಿತು.
ಸೀಮೆಸುಣ್ಣ ಹೊಗಲಿಲ್ಲ. ಬೆರಳು ಆಡಿದವು.
ಎದ್ದು ನಾಲ್ಕು ಹೆಜ್ಜೆ ಇಟ್ಟೆ,
ಹಳೆಯ ಕಲೆಗಿಂತ ಅರ್ಧ ಇಂಚು ಮೇಲೆ
ಕಚ್ಚಿತು.

ಮನೆಯಲ್ಲಿ ಅಮ್ಮ ಕೈ ಹಾಕಿ ನೋಡಿದಳು.
ಏಳೇ ಬಂಗುಡೆ, ಎಂದಳು.
ಎಣ್ಣೆಯ ಡಬ್ಬಿಯನ್ನು ನಾನು
ಆಗಲೇ ಅಟ್ಟಕ್ಕೆ ಏರಿಸಿದ್ದೆ.